ತಾರಸಿಯ ಮೇಲಿನ ಸೀಮೆಸುಣ್ಣದ ಮನೆಗಳು

ವಾಸ್ತುಶಿಲ್ಪಿಗಳ ಪರಿಷತ್ತಿನ ಅಧ್ಯಕ್ಷರಿಗೆ,

ಮಾನ್ಯರೇ,

ಸೀಮೆಸುಣ್ಣದಲ್ಲಿ ಗೆರೆ ಎಳೆದದ್ದಕ್ಕಾಗಿ ನನ್ನ ಮಗಳ ನೋಂದಣಿಯನ್ನು ಏಕೆ ರದ್ದುಪಡಿಸಬಾರದು ಎಂದು ತಾವು ನೋಟೀಸು ಕೊಟ್ಟಿದ್ದೀರಿ. ಅವಳು ವಿಚಾರಣೆಗೆ ಬಂದು ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸುವವಳು. ನಾನು ಹೆಂಡತಿಯನ್ನು ಕಳೆದುಕೊಂಡ ಮುದುಕ. ಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯುತ್ತಿದ್ದೇನೆ. ನನ್ನದು ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಬೇಕು.

ಅವಳ ಅಪರಾಧ ಇಷ್ಟು. ಮನೆ ಕಟ್ಟಬೇಕೆಂದಿರುವವರನ್ನು ಭಾನುವಾರ ಮಧ್ಯಾಹ್ನ ನಮ್ಮ ತಾರಸಿಗೆ ಕರೆಯುತ್ತಾಳೆ. ಅವರ ಆಸೆಗಳನ್ನೆಲ್ಲ ಕೇಳಿಸಿಕೊಂಡು, ಆ ಮನೆಯನ್ನು ಕಟ್ಟಲಿರುವಷ್ಟೇ ಅಳತೆಯಲ್ಲಿ ನೆಲದ ಮೇಲೆ ಬರೆದು, ‘ಒಳಗೆ ಬನ್ನಿ, ಓಡಾಡಿ ನೋಡಿ’ ಎನ್ನುತ್ತಾಳೆ. ಅದರ ಫೋಟೋಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾಳೆ. ತಮ್ಮ ಪ್ರಕಾರ ಇದು ಜಾಹೀರಾತು, ಆಮಿಷ, ‘ಸಾಲಿಸಿಟೇಷನ್’. ವಾಸ್ತುಶಿಲ್ಪಿ ಹಾಗೆ ಮಾಡುವುದು ತಮ್ಮ ನಿಯಮದಲ್ಲಿ ‘ಮಿಸ್‌ಕಾಂಡಕ್ಟ್’, ದುರ್ನಡತೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷು ನನಗೆ ಅರ್ಧ ಮರೆತಿದೆ. ಆದರೂ ಆ ಪದಕ್ಕೆ ನಮ್ಮ ಮೇಷ್ಟ್ರು ವಿನಯದಿಂದ ಬೇಡಿಕೊಳ್ಳುವುದು ಎಂದೇನೋ ಅರ್ಥ ಹೇಳಿದ್ದರು. ವಿನಯ ಯಾವಾಗಿನಿಂದ ‘ಮಿಸ್‌ಕಾಂಡಕ್ಟ್’ ಆಯಿತು ಸ್ವಾಮಿ?

ನಮ್ಮ ಬೀದಿಯ ತಿರುವಿನಲ್ಲಿ ಬಿಲ್ಡರ್ ಒಬ್ಬನ ಹೋರ್ಡಿಂಗ್ ಇದೆ. ಅದರಲ್ಲಿರುವ ಕಟ್ಟಡ ಎಲ್ಲಿಯೂ ಇಲ್ಲ, ಅದರ ಮುಂದಿನ ಸರೋವರವಂತೂ ಭೂಮಿಯ ಮೇಲೆಯೇ ಇಲ್ಲ. ಅವನಿಗೆ ಯಾವ ನೋಟೀಸೂ ಇಲ್ಲ. ಸಿಮೆಂಟು ಮಾರುವವನು ಗೋಡೆಗೋಡೆಯ ಮೇಲೂ ಕೂಗಬಹುದು. ಆ ಗೋಡೆ ಎಲ್ಲಿ ನಿಲ್ಲಬೇಕೆಂದು ಹೇಳಿದವಳು ಮಾತ್ರ ಬಾಯಿ ಬಿಡಬಾರದು. ಹೋದ ವರ್ಷ ತಾವೇ ಒಂದು ವಿಚಾರ ಸಂಕಿರಣ ನಡೆಸಿದಿರಿ: ವಾಸ್ತುಶಿಲ್ಪಿಗಳು ತಮ್ಮ ಸೇವೆಯನ್ನು ಜನರಿಗೆ ಪರಿಣಾಮಕಾರಿಯಾಗಿ ತಲುಪಿಸುವುದು ಹೇಗೆ? ಮಗಳು ಹೋಗಿ ಬಂದಳು. “ಏನು ಹೇಳಿದ್ರಮ್ಮಾ?” ಎಂದೆ. “ಎಲ್ಲರಿಗೂ ಕಾಣೋ ಹಾಗಿರಬೇಕಂತೆ ಅಪ್ಪಾ. ಆದ್ರೆ ಯಾರೂ ನೋಡಬಾರದಂತೆ,” ಎಂದು ನಕ್ಕಳು. ಆಗ ಅವಳು ನಗುತ್ತಿದ್ದಳು.

ಈ ಸೀಮೆಸುಣ್ಣದ ಉಪಾಯ ಅವಳದ್ದಲ್ಲ, ಅವಳ ತಾಯಿಯದು. ನನ್ನ ಹೆಂಡತಿಯೂ ವಾಸ್ತುಶಿಲ್ಪಿ, ತಮ್ಮ ಸದಸ್ಯೆಯಾಗಿದ್ದವಳೇ. ಜನ ನಕ್ಷೆ ನೋಡಿ ಹೂಂ ಹೂಂ ಎಂದು ತಲೆಯಾಡಿಸುತ್ತಾರೆ, ಗೋಡೆ ಎದ್ದ ಮೇಲೆ ಅಳುತ್ತಾರೆ ಎಂದು ಅವಳು ಹೇಳುತ್ತಿದ್ದಳು. ಅದಕ್ಕೇ ಪ್ರತಿ ಮನೆಯನ್ನೂ ಮೊದಲು ತಾರಸಿಯಲ್ಲಿ ಬರೆದು, ಸೆರಗು ಸಿಕ್ಕಿಸಿಕೊಂಡು, ಇಲ್ಲದ ಒಲೆಯ ಮುಂದೆ ನಿಂತು ಅಡಿಗೆ ಮಾಡುತ್ತಿದ್ದಳು. ನಾನು ಬಟ್ಟೆ ಒಣಹಾಕಲು ಹೋದರೆ, “ರೀ, ಗೋಡೆ ತುಳೀತಿದ್ದೀರಲ್ರೀ! ಬಾಗಿಲು ಅಂತ ಯಾಕೆ ಬಿಟ್ಟಿದೀನಿ?” ಎಂದು ಗದರುವಳು. ನಾನು ವಾಪಸು ಹೋಗಿ ಬಾಗಿಲಿನಿಂದ ಬರಬೇಕು. ತಮ್ಮ ನಿಯಮಕ್ಕೆ ಹೆದರಿ ಇದನ್ನು ಅವಳು ಹೊರಗಿನವರಿಗೆ ತೋರಿಸಲೇ ಇಲ್ಲ. ಗೇಟಿನ ಮೇಲೆ ಅಂಗೈಯಗಲದ ಒಂದು ಬೋರ್ಡು, ಅಷ್ಟೇ.

ಒಂದು ಮನೆ ಅರ್ಧ ಬರೆದಿದ್ದಾಗ ಅವಳು ಹೋದಳು. ಅಡಿಗೆಮನೆಯ ಗೆರೆ ಕಿಟಕಿಯವರೆಗೆ ಬಂದು ನಿಂತಿತ್ತು. ಮಳೆ ಬಂತು, ಗೆರೆಗಳು ಹೋದವು. ಮನೆ ಹೋಗಲಿಲ್ಲ ಮಾನ್ಯರೇ. ಬಟ್ಟೆಯ ತಂತಿ ಆ ಮನೆಯ ನಡುಕೋಣೆಯ ಮೇಲೆಯೇ ಹಾದುಹೋಗುತ್ತದೆ. ಒದ್ದೆ ಬಟ್ಟೆ ಹೊತ್ತು ನಾನು ಸುತ್ತು ಹಾಕಿ, ಬಾಗಿಲಿದ್ದಲ್ಲಿಂದಲೇ ಒಳಗೆ ಹೋಗುತ್ತಿದ್ದೆ. ಒಂದು ದಿನ ಮಗಳು ನೋಡಿಬಿಟ್ಟಳು.

“ಅಪ್ಪಾ, ಯಾಕೆ ಸುತ್ತಿಕೊಂಡು ಬರ್ತೀರಿ?”

“ಅಲ್ಲಿ ಗೋಡೆ ಇದೆ ಕಣಮ್ಮಾ.”

ಅವಳು ನಗಲಿಲ್ಲ. ಮರುದಿನ ಸೀಮೆಸುಣ್ಣದ ಡಬ್ಬಿ ತಂದಳು. ತಾವು ‘ವ್ಯಾಪಾರೀ ತಂತ್ರ’ ಎಂದು ಬರೆದಿರುವುದರ ಮೂಲ ಇದು.

ಕಳೆದ ತಿಂಗಳು ಒಬ್ಬರು ಬಂದಿದ್ದರು, ಹೆಗಲಿಗೆ ಚೀಲ, ಸಂಕೋಚದ ಮುಖ. ಅವರು ತಮ್ಮ ಕಚೇರಿಯ ತನಿಖಾಧಿಕಾರಿಯೆಂದು ಆಮೇಲೆ ನೋಟೀಸಿನಲ್ಲಿ ಅವರ ವರದಿ ನೋಡಿ ತಿಳಿಯಿತು. ಗಿರಾಕಿಯಂತೆ ನಟಿಸುತ್ತ ಗೆರೆಯೊಳಗೆ ಕಾಲಿಟ್ಟರು. ಸ್ವಲ್ಪ ಹೊತ್ತಿಗೆ ನಟನೆ ಮರೆತುಹೋಯಿತೆಂದು ಕಾಣುತ್ತದೆ.

“ಇಲ್ಲಿ ಅಮ್ಮನ ಮಂಚ ಬರಲಿ ಮೇಡಂ.”

“ಅಮ್ಮನಿಗೆ ಮಂಡಿನೋವಿದ್ಯಾ? ಹಾಗಿದ್ರೆ ಬಚ್ಚಲು ಈ ಕಡೆಗೇ ತರೋಣ.”

“ಅಮ್ಮ ತೀರ್ಕೊಂಡ್ರು. ಆದ್ರೂ... ಇರಲಿ ಬಿಡಿ.”

ಮಗಳು ಮಂಚ ಬರೆದಳು. ಅವರು ಅದರ ಪಕ್ಕ ನೆಲದ ಮೇಲೆ ಕೂತರು. ಬಹಳ ಹೊತ್ತು ಕೂತರು. ಆ ಹೊತ್ತಿನಲ್ಲಿ ನನ್ನ ಹೆಂಡತಿ ತಾರಸಿಯ ಮೇಲೆ ಇರಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಅವರ ವರದಿಯಲ್ಲಿ ಮಂಚದ ಸುದ್ದಿಯೇ ಇಲ್ಲ, ‘ಉಚಿತ ಸೇವೆಯ ಆಮಿಷ’ ಎಂದಿದೆ. ಯಾವ ಆಮಿಷ? ಇಲ್ಲದ ತಾಯಿಗೂ ಒಂದು ಜಾಗ ಮಾಡಿಕೊಟ್ಟದ್ದೇ?

ನೋಟೀಸು ಬಂದಂದಿನಿಂದ ಮಗಳು ಯಾರನ್ನೂ ಕರೆದಿಲ್ಲ. ಆ ಹೋರ್ಡಿಂಗಿನ ಬಿಲ್ಡರ್ ಅವಳಿಗೆ ಕೆಲಸ ಕೊಡುತ್ತಾನಂತೆ, ಇಲ್ಲದ ಸರೋವರಗಳನ್ನು ಬಿಡಿಸುವ ಕೆಲಸ. “ನೋಂದಣಿ ಕಿತ್ಕೊಂಡ್ರೆ ಅಲ್ಲಿಗೇ ಹೋಗ್ತೀನಿ ಅಪ್ಪಾ. ಸುಳ್ಳು ಬಿಡಿಸೋಕೆ ನೋಂದಣಿ ಬೇಡ,” ಎನ್ನುತ್ತಾಳೆ. ಮೊನ್ನೆ ನಾನು ಬಟ್ಟೆ ಹೊತ್ತುಕೊಂಡು ನೆಟ್ಟಗೆ ತಂತಿಯವರೆಗೂ ನಡೆದುಹೋದೆ. ಸುತ್ತು ಹಾಕಲಿಲ್ಲ. ಯಾರೂ ಗದರಲಿಲ್ಲ. ಅಲ್ಲಿ ಬರೀ ನೆಲವಿತ್ತು. ಹೆಂಡತಿ ಸತ್ತ ದಿನವೂ ನಾನು ಅಷ್ಟು ಹೆದರಿರಲಿಲ್ಲ.

ಆದ್ದರಿಂದ ನೋಟೀಸನ್ನು ಹಿಂತೆಗೆದುಕೊಳ್ಳಿ. ನಿಯಮ ತಿದ್ದಿ: ಸುಳ್ಳು ತೋರಿಸುವುದನ್ನು ನಿಷೇಧಿಸಿ, ಕೆಲಸ ತೋರಿಸುವುದನ್ನಲ್ಲ. ಅಲ್ಲಿಯವರೆಗೆ ಒಂದು ವಿಷಯ ತಮ್ಮ ಅವಗಾಹನೆಗೆ. ನಾನು ತಮ್ಮ ಸದಸ್ಯನಲ್ಲ. ರದ್ದುಪಡಿಸಲು ನನ್ನ ಬಳಿ ಏನೂ ಇಲ್ಲ. ಹಾಗಾಗಿ, ಮಗಳಿಗೆ ತಿಳಿಸದೆ, ಈ ಪತ್ರಿಕೆಯ ಓದುಗರಿಗೆಲ್ಲ ಈ ಮೂಲಕ ಜಾಹೀರಾತು ಕೊಡುತ್ತಿದ್ದೇನೆ. ಮನೆ ಕಟ್ಟಬೇಕೆಂದಿರುವವರು ಭಾನುವಾರ ಮಧ್ಯಾಹ್ನ ನಮ್ಮ ತಾರಸಿಗೆ ಬನ್ನಿ. ಗೆರೆ ನಾನೇ ಎಳೆಯುತ್ತೇನೆ. ಗೋಡೆಗಳು ಸೊಟ್ಟಗಿರುತ್ತವೆ, ತಿದ್ದುವವರು ಬರುವ ತನಕ ಅದರಲ್ಲೇ ಓಡಾಡೋಣ.

ಇಂತಿ,
ಒಬ್ಬ ವಾಸ್ತುಶಿಲ್ಪಿಯ ಗಂಡ, ಇನ್ನೊಬ್ಬಳ ಅಪ್ಪ,
ಸ್ವತಃ ನೆಟ್ಟಗೆ ಒಂದು ಗೆರೆ ಎಳೆಯಲೂ ಬಾರದವ