ಖಜೂರ ಬ್ಯಾಡ, ಎಳನೀರ ಬ್ಯಾಡ

ಮಾರ್ಚ್ 4, ಸಂಜಿ
ಬಟಾಟಿ ಎರಡ ಸಲ ಕುದಿಸಿ ನೀರ ಚೆಲ್ಲಿದೆ. ಬದನಿಕಾಯಿದೂ ಹಂಗ. ಇನ್ನ ರುಚಿ ಅನ್ನೂದು ಏನ ಉಳೀತೈತಿ... ಆದ್ರ ಡಾಕ್ಟರ್ ಹೇಳ್ಯಾರ — ಪೊಟ್ಯಾಸಿಯಮ್ ಏರಿದ್ರ ಎದಿ ಬಡಿಯೂದ ನಿಂತೀತು. ಕಾಲಿನ ಗಾಯ ಮಾಯಲಿ ಅಂತ ದಿನಾ ಚುಚ್ಚಿಸ್ಕೊಂಡ ಆ್ಯಂಟಿಬಯಾಟಿಕ್ ಇಂಜೆಕ್ಷನ್, ನಮ್ಮ ಮನಿಯವ್ರ ಕಿಡ್ನಿಗೆ ಬಡೀತು. ಡಯಾಲಿಸಿಸ್ ಆತು. ಈಗ ಮನ್ಯಾಗ ಪಥ್ಯ. ಬಾಳೆಹಣ್ಣ ಬ್ಯಾಡ, ಎಳನೀರ ಬ್ಯಾಡ, ಖಜೂರ ಬ್ಯಾಡ.

ಹೊತ್ತ ಮುಳಗಿ ಮಗ್ರಿಬ್ ಅಜಾನ್ ಆತು. ಖಜೂರ ತಗೊಂಡೆ. ಇವ್ರು ನನ್ನ ಕೈನ ನೋಡಾಕತ್ತಿದ್ರು, ಸಣ್ಣ ಹುಡುಗ್ರ ಹಂಗ. ತಿರುಗಿ ತಾಟಿನಾಗ ಇಟ್ಟೆ. ಬರೇ ನೀರ ಕುಡದು ರಮಜಾನ್ ಉಪವಾಸದ ರೋಜಾ ಬಿಟ್ಟೆ.

"ನೀ ತಿನ್ನ, ಕಹಕಶಾ. ನನಗೇನ ಅದರ ಆಶಾ ಇಲ್ಲ."

ಸುಳ್ಳಬುರುಕ.

ಮಾರ್ಚ್ 6
ಬಾಜೂ ಮನಿ ಪದ್ಮವ್ವಕ್ಕ ತಮ್ಮ ಗಿಡದ ಎಳನೀರ ತಂದ್ರು. "ಮುಜಫ್ಫರಗ ಕೊಡವಾ, ತಂಪ ಆಕೈತಿ." ಬೋರಗಾಂವದಾಗ ಬ್ಯಾನಿ ಬಿದ್ದವರನ್ನ ನೋಡಾಕ ಬರಿಗೈಲೆ ಯಾರೂ ಬರಂಗಿಲ್ಲ. ಬ್ಯಾಡ್ರಿ, ಇದು ಇವ್ರಿಗೆ ವಿಷ ಅಂದೆ. ಆ ಮಾತ ನನ್ನ ಬಾಯಾಗ ಯಾಕ ಬಂತೋ. ಮಾರಿ ಸಣ್ಣದ ಮಾಡ್ಕೊಂಡ ಹ್ವಾದ್ರು.

ಮಾರ್ಚ್ 13
ಅಲ್ಲಾಹನ ದಯಾ. ಒಂದಕ್ಕ ಚಲೋ ಆಗಾಕತ್ತೈತಿ. ಹೋದವ್ರು ಬಂದು ಕುಂಡ್ರೂದ್ರಾಗ ಮತ್ತ ಏಳ್ತಾರ. ದೂಧಗಂಗಾ ಹೊಳಿಗೆ ಮಹಾಪೂರ ಬಂತೇನ್ರಿ ಅಂದೆ. ನಕ್ಕರು. ಎಷ್ಟ ದಿನಾ ಆಗಿತ್ತು ಆ ನಗು ಕೇಳಿ... ಪಥ್ಯ ಮಾತ್ರ ನಾ ಸಡ್ಲ ಬಿಡಂಗಿಲ್ಲ. ಪಲ್ಲೆ ಈಗ ಇನ್ನೊಂದ ಸಲ ಹೆಚ್ಚಿಗೆ ಕುದಸ್ತೀನಿ.

ಮಾರ್ಚ್ 15, ಮುಂಜಾನಿ
ಮಗ್ಗದ ನೂಲ ತರಸ್ಕೊಂಡ್ರು, ಕೈ ಕೆಲಸ ಮರತೀತು ಅಂತ. ಪಾವರ್‌ಲೂಮ್‌ನಾಗ ಹರದ ಎಳಿಗೆ ಗಂಟ ಹಾಕೂದು ಇವ್ರಿಗೆ ಕಣ್ಣ ಮುಚ್ಚಿ ಬರ್ತೈತಿ. ಇವತ್ತ ಬೆರಳ ಸೆಟದ ಬಿಟ್ವು. ಮುಟಗಿ ತೆರೀವಲ್ದು.

"ಕೈ ನನ್ನ ಮಾತ ಕೇಳವಲ್ದ, ಕಹಕಶಾ..."

ಎಣ್ಣಿ ಹಚ್ಚಿ ತಿಕ್ಕಿದೆ. ಆದ್ರೂ ಸಡ್ಲ ಆಗವಲ್ವು. ನಿಪ್ಪಾಣಿ ದವಾಖಾನಿಗೆ ಹೊಂಟೀವಿ.

ಮಾರ್ಚ್ 18
ಮನಿಗೆ ಬಂದ್ವಿ. ತಪ್ಪ ನಂದ. ಕಿಡ್ನಿ ಮತ್ತ ಚಾಲೂ ಆಗು ಮುಂದ ಒಂದಕ್ಕಿನ ಸಂಗಾಟ ಪೊಟ್ಯಾಸಿಯಮ್, ಮ್ಯಾಗ್ನೆಶಿಯಮ್ ಎಲ್ಲಾ ಹರದ ಹೋಗ್ತಾವಂತ. ಉಳದಿದ್ದನ್ನ ನಾ ಪಲ್ಲೆದಾಗಿಂದ ಕುದಿಸಿ ಚೆಲ್ಲಾಕತ್ತಿದ್ದೆ. ಅದಕ್ಕ ಬೆರಳ ಸೆಟದಿದ್ದು. ಸಲಾಯಿನ್‌ದಾಗ ಮ್ಯಾಗ್ನೆಶಿಯಮ್ ಬಿಟ್ರು. "ಕಾಳಜಿ ಹೆಚ್ಚಾತವಾ. ಒಂದಕ್ಕ ಹೆಚ್ಚಾದ ಕೂಡ್ಲೇ ಬಂದ ರಕ್ತ ತೋರಸಬೇಕಿತ್ತು," ಅಂದ್ರು ಡಾಕ್ಟರ್. ಈಗ ಎಳನೀರ ಕೊಡು, ಖಜೂರ ಕೊಡು ಅಂತ. ಬೈದಿದ್ರ ಚಲೋ ಇತ್ತು.

ಪದ್ಮವ್ವಕ್ಕನ ಬಾಗಲದಾಗ ಹೋಗಿ ನಿಂತೆ. ಎಳನೀರ ಐತೇನ್ರಿ ಅಕ್ಕಾ ಅಂದೆ.

"ವಿಷ ಅಲ್ಲೇನ ಅದು?" ಅನ್ಕೋತನ ಕುಡಗೋಲ ತಗೊಂಡ್ರು.

ಅದ ಸಂಜಿ
ಎಳನೀರ ಮುಂದ ಇಟ್ಟೆ. ಮುಟ್ಟವಲ್ರು. ರೋಜಾ ನಂದು, ಬ್ಯಾನಿ ನಿಮ್ಮದು — ನೀವ್ಯಾಕ ಕಾಯ್ತೀರಿ ಅಂದೆ.

"ಅವತ್ತಿನಿಂದ ನೀ ದಿನಾ ಬರೇ ನೀರಿನ ಮ್ಯಾಲ ರೋಜಾ ಬಿಡಾಕತ್ತಿ. ನನಗ ಗೊತ್ತಿಲ್ಲಂತ ಮಾಡಿಯೇನ?"

ಅಜಾನ್ ಆತು. ಖಜೂರ ತಗೊಂಡು, ಸೀಳಿ, ಬೀಜಾ ತಗದ್ರು. ಬೆರಳ ನೆಟ್ಟಗಿದ್ವು. ಅರ್ಧಾ ನನ್ನ ಬಾಯಿಗೆ ಹಿಡದ್ರು. ದುವಾ ಓದೂದ ಮರತ ಬಿಟ್ಟೆ, ಆ ಬೆರಳನ್ನ ನೋಡ್ಕೋತ ಕುಂತೆ. ಕಣ್ಣಾಗ ನೀರ ಬಂದು ಏನೂ ಕಾಣವಲ್ದು.

ಉಳದ ಅರ್ಧಾ ನಾನ ತಿನ್ನಿಸಿದೆ.

ಕರ್ಯಾಕತ್ತಾರ. ಎಳನೀರ ಪೂರ್ತಿ ಕುಡೀರಿ ಅಂದ್ರ ಕೇಳವಲ್ರು, ನನಗಂತ ತಳದಾಗ ಒಂದೀಟ ಉಳಿಸ್ಯಾರ.