ಉಪ್ಪಿನ ಗಣಿಯಲ್ಲಿ ಉಳಿದ ಚಪ್ಪಲಿಗಳು

ಕ್ರಾಕೋವ್, ಪೋಲೆಂಡ್ ದೇಶ
ದಿನಾಂಕ: ೧೭-೯-೨೦೨೫

೧. ಬರೆಯುವವರು: ಸೋಮಶೇಖರಪ್ಪ, ವಾಸ ಅಜ್ಜಂಪುರ, ತರೀಕೆರೆ ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದು ಕೈ ಪಳಗಿದವರು, ಹಾಲಿ ಪ್ರವಾಸಿ.
೨. ಓದತಕ್ಕವರು: ಮಗಳು ತನುಜಾ, ಕೋಂ ಪ್ರಕಾಶ್, ವಾಸ ಲಕ್ಕವಳ್ಳಿ.
೩. ವಿಷಯ: ಲಕ್ಕವಳ್ಳಿಯ ಹೊಸ ಮನೆಯ ಗೃಹಪ್ರವೇಶಕ್ಕೆ ತಾಯಿಯವರು ಬರುವರೋ ಇಲ್ಲವೋ ಎಂಬ ನಿನ್ನ ಪ್ರಶ್ನೆ.
೪. ವಿಳಂಬಕ್ಕೆ ಕಾರಣ: ಸದರಿ ತಾಯಿಯವರು ಬಾಯಿ ಬಿಡದಿರುವುದು.

ಚಿ. ಸೌ. ತನುಜಾಳಿಗೆ ಅಪ್ಪಾಜಿಯ ಆಶೀರ್ವಾದಗಳು. ನಾವು ಕ್ಷೇಮ. ತಡವಾಗಿ ಬರೆಯುತ್ತಿರುವುದನ್ನು ಮನ್ನಿಸತಕ್ಕದ್ದು. ಈ ಕಾಗದದ ಪಟ ತೆಗೆದು ನಿನ್ನ ವಾಟ್ಸಾಪಿಗೆ ಕಳಿಸುವ ಹೊಣೆಯನ್ನು ನಮ್ಮ ತಂಡದ ಮೇಲ್ವಿಚಾರಕ ರೇಣುಕಪ್ರಸಾದ್ ವಹಿಸಿಕೊಂಡಿದ್ದಾನೆ.

ಮೊದಲಿಗೆ ಒಂದು ಮಾತು. ನಾವು ಹೊರಟ ತಂಡದಲ್ಲಿಯೇ ನಿನ್ನ ಮಾವ ಗಿರಿಯಪ್ಪನವರ ಹೆಸರೂ ಸೇರಿದ್ದುದು ಕೇವಲ ಆಕಸ್ಮಿಕವೆಂದು ನಾನು ನಂಬಿರುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಅವರನ್ನು ಕಂಡಾಗ ನಿನ್ನ ತಾಯಿ ನನ್ನತ್ತ ನೋಡಿದ ನೋಟವನ್ನು ಇಲ್ಲಿ ವಿವರಿಸುವುದು ಉಚಿತವಲ್ಲ. ಜಾತಿ ಬೇರೆಯೆಂಬ ಒಂದೇ ಕಾರಣಕ್ಕೆ ನಿನ್ನ ಮದುವೆಯಾದಂದಿನಿಂದ ನಿಮ್ಮ ಮನೆಗೆ ಬಾರದ ಅವಳು, ಇಲ್ಲಿಯೂ ಬೀಗರಿಂದ ಮೂರು ಸೀಟು ದೂರ ಕುಳಿತು ಬಂದಳು. ಆ ಹಿರಿಯರಾದರೋ ದಿನವೂ ಬೆಳಿಗ್ಗೆ "ಚೆನ್ನಾಗಿದೀರಾ ತಾಯಿ?" ಎಂದು ಕೇಳುವುದನ್ನು ಬಿಡಲಿಲ್ಲ. ಉತ್ತರವನ್ನು ನಾನೇ ಕೊಡುತ್ತಿದ್ದೆ.

ನಿನ್ನೆ ಇಲ್ಲಿನ ಪುರಾತನ ಉಪ್ಪಿನ ಗಣಿಗೆ ಇಳಿದೆವು. ಮಗಳೇ, ಅದೊಂದು ಪಾತಾಳಲೋಕ! ಮರದ ಮೆಟ್ಟಿಲುಗಳನ್ನು ಇಳಿದಷ್ಟೂ ಮುಗಿಯಲಿಲ್ಲ. ಗೋಡೆ ಉಪ್ಪು, ನೆಲ ಉಪ್ಪು, ವಿಗ್ರಹಗಳೂ ಉಪ್ಪು. ಕಡೂರಿನ ತೀರ್ಥಮ್ಮನವರು ಗೋಡೆಯನ್ನು ನೆಕ್ಕಿ ನೋಡಿ, "ಅಯ್ಯೋ, ಸಾರಿಗೆ ಹಾಕೋ ಉಪ್ಪೇ ಕಣ್ರೀ! ಇಷ್ಟಕ್ಕೆ ಇಷ್ಟು ದೂರ ಬಂದ್ವಾ?" ಎಂದರು.

ಆಳದಲ್ಲಿ ಒಂದು ಭವ್ಯ ಪ್ರಾರ್ಥನಾ ಮಂದಿರವಿದೆ. ದೀಪದ ಗೊಂಚಲುಗಳು ಸಹ ಉಪ್ಪಿನ ಹರಳಿನವು. ಅದನ್ನು ಕಂಡೊಡನೆ ನಿನ್ನ ತಾಯಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದಳು. ಅವಳನ್ನು ನೋಡಿ ತೀರ್ಥಮ್ಮ, ಅವರನ್ನು ನೋಡಿ ಇಡೀ ತಂಡ. ಚಪ್ಪಲಿಗಳು ಅಸ್ತವ್ಯಸ್ತವಾಗಬಾರದೆಂದು ಸಾಲಾಗಿ ಬಿಡಿಸಿದ್ದು ನಾನೇ. ಗಿರಿಯಪ್ಪನವರು ಮಾತ್ರ ಬೂಟು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಕೇಳಿದ್ದಕ್ಕೆ, "ಮಗ ಕೊಡ್ಸಿದ್ದು ಕಣ್ರೀ. ದೇವಸ್ಥಾನದ ಬಾಗಿಲಲ್ಲಿ ಬಿಟ್ಟ ಮೆಟ್ಟು ತಿರುಗಿ ಸಿಕ್ಕಿದ್ದು ನಾನಂತೂ ಕಾಣೆ" ಎಂದರು.

ದರ್ಶನವಾಯಿತು. ಇನ್ನೊಂದು ಬಾಗಿಲಿನಿಂದ ಹೊರಬಿದ್ದು ಮುಂದೆ ಮುಂದೆ ನಡೆದು ಲಿಫ್ಟಿನ ಬಳಿ ಬಂದಾಗ ತಿಳಿದ ಸಂಗತಿಯೇನೆಂದರೆ, ಆ ಗಣಿಯಲ್ಲಿ ಹೋದ ದಾರಿಯಲ್ಲಿ ಹಿಂದಿರುಗುವಂತಿಲ್ಲ! ಹಿಂದೆ ಬೇರೆ ತಂಡಗಳು ಬರುತ್ತಿದ್ದವು. ದಾರಿ ತೋರುವ ಹುಡುಗಿಗೆ ರೇಣುಕಪ್ರಸಾದ್ ವಿಷಯ ತಿಳಿಸಿದಾಗ ಅವಳು ನಮ್ಮೆಲ್ಲರ ಪಾದಗಳನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಚಪ್ಪಲಿಗಳನ್ನು ಮರುದಿನ ಹೋಟೆಲಿಗೆ ತಲುಪಿಸುವುದಾಗಿ ಭರವಸೆಯಿತ್ತಳು. ಹೀಗೆ ಕಡೂರು, ತರೀಕೆರೆ, ಅಜ್ಜಂಪುರದ ಮಹಾಜನರು ಬರಿಗಾಲಿನಲ್ಲಿ ಯೂರೋಪಿನ ನೆಲಕ್ಕೆ ಮೇಲೆದ್ದರು.

ಹೊರಗೆ ಜಿಟಿಜಿಟಿ ಮಳೆ, ಕೊರೆಯುವ ಕಲ್ಲುಹಾಸು. ನಿನ್ನ ತಾಯಿಯ ಒಡೆದ ಹಿಮ್ಮಡಿಗೆ ಗಣಿಯ ಉಪ್ಪು ತಾಗಿ ಉರಿ ಎದ್ದಿತ್ತು. ಬೆಂಚಿನ ಮೇಲೆ ಕುಳಿತವಳು, "ರೀ, ಒಂದ್ಹೆಜ್ಜೆನೂ ಆಗಲ್ಲ. ಬಸ್ಸನ್ನೇ ಇಲ್ಲಿಗೆ ಕರೀರಿ" ಎಂದಳು. ಬಸ್ಸು ಬರುವಂತಿರಲಿಲ್ಲ.

ಆಗ ಗಿರಿಯಪ್ಪನವರು ಬೂಟುಗಳನ್ನು ತಂದು ಅವಳ ಮುಂದಿಟ್ಟು ದೂರ ನಿಂತರು.

"ಬೇಡ. ನಾನು ಬೇರೆಯೋರ ಮೆಟ್ಟು ಮೆಟ್ಟಲ್ಲ" ಎಂದಳು. ಬೀಗರೊಡನೆ ಅವಳು ನೇರವಾಗಿ ಆಡಿದ ಮೊದಲ ಮಾತು ಇದೇ.

"ಬೇರೆಯೋರ್ದಲ್ಲ ಕಣ್ತಾಯಿ," ಎಂದರು ಅವರು, "ಬೀಗರ್ದು."

ತೀರ್ಥಮ್ಮನವರು ಗೊಳ್ಳೆಂದು ನಕ್ಕರು. "ಹಾಕ್ಕಳೇ ಮಲ್ಲಿಕಾಂಬ! ಗಂಡನ ಮನೆಯೋರು ಇಷ್ಟು ದೊಡ್ಡ ಬೂಟು ಕೊಟ್ಟಿದ್ರೇನೇ?" ನಿನ್ನ ತಾಯಿಗೂ ನಗು ತಡೆಯಲಾಗಲಿಲ್ಲ. ಸೀರೆಯ ಕೆಳಗೆ ಆ ದೋಣಿಯಂಥ ಬೂಟುಗಳನ್ನು ಧರಿಸಿ ಟಪಟಪನೆ ನಡೆದಳು. ಬೀಗರು ಕಾಲುಚೀಲದಲ್ಲೇ ನೀರು ತುಳಿಯುತ್ತಾ ಹಿಂದೆ ಬಂದರು.

ಹೊಸ ಮನೆಯಲ್ಲಿ ನಿಮಗೆ ಸಕಲ ಸನ್ಮಂಗಳವಾಗಲಿ. ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸುವುದು.

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬಾರದೆ ಉಳಿದದ್ದು. ಬಸ್ಸಿನಲ್ಲಿ ಗಿರಿಯಪ್ಪನವರು ನನ್ನ ಪಕ್ಕ ಕುಳಿತು ಒದ್ದೆ ಕಾಲುಚೀಲ ಹಿಂಡುತ್ತಾ ಮೆಲ್ಲಗೆ ಹೇಳಿದರು: "ನಮ್ಮನೆ ಹೊಸ್ಲು ತುಳೀದ ಕಾಲು ನನ್ನ ಬೂಟಿನೊಳಗೆ ಬಂತು ನೋಡಿ. ನಮ್ಮ ಹೊಸ್ಲು ಬೂಟಿಗಿಂತ ಕಡೆಯೇನ್ರೀ?" ಮುಂದಿನ ಸೀಟಿನಲ್ಲಿದ್ದ ನಿನ್ನ ತಾಯಿ ತಿರುಗಲಿಲ್ಲ. ಆದರೆ ಅವಳ ಕಿವಿ ಚುರುಕೆಂಬುದು ನಿನಗೆ ಗೊತ್ತು.

ಹೋಟೆಲಿಗೆ ಬಂದು ಬೂಟುಗಳ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ, ನಮ್ಮ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದಳು. "ಅವರಿಗೆ ಕೊಡಬೇಡವೇನೇ?" ಎಂದೆ. "ಇಲ್ಲಿ ಕೊಡಲ್ಲ. ಲಕ್ಕವಳ್ಳಿಗೇ ಹೋಗಿ, ಒಳಗೆ ಕಾಲಿಟ್ಟು ಕೊಡ್ತೀನಿ" ಎಂದಳು.

ಆದುದರಿಂದ ನಿನ್ನ ಮಾವನವರು ಇಂದು ಹೋಟೆಲಿನ ಬಿಳಿಯ ಚಪ್ಪಲಿಯಲ್ಲಿ ಊರು ನೋಡುತ್ತಿರುತ್ತಾರೆ. ಸದರಿಯವರಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ.

ಇತಿ ನಿನ್ನ ಪ್ರೀತಿಯ ಅಪ್ಪಾಜಿ,
(ಸಹಿ) ಸೋಮಶೇಖರಪ್ಪ

ಅಡಕ: ಭಾವಚಿತ್ರ ಒಂದು. ನಿನ್ನ ತಾಯಿ, ಬೂಟು ಸಹಿತ.