ಅಪ್ಪನ ಹಾಡು ಅಳಿಸಿದ ಅಣ್ಣನಿಗೆ

ದಂಡೋತಿ
ಜನವರಿ 2009

ಸುರೇಶಕುಮಾರನಿಗೆ,

‘ಪ್ರೀತಿಯ ಅಣ್ಣ’ ಎಂದು ಬರೆದು ಹೊಡೆದು ಹಾಕಿದೆ. ನೀನು ದೊಡ್ಡಪ್ಪನ ಮಗನೆಂಬುದು ಸುಳ್ಳಲ್ಲ, ಆದರೆ ಆ ಮಾತು ಬರೆಯಲು ಕೈ ಬರಲಿಲ್ಲ.

ಚಿತ್ತಾಪುರದ ಕೋರ್ಟಿನ ಎದುರು ನಿನ್ನ ಟೈಪಿಂಗ್ ಅಂಗಡಿ, ಅದರಲ್ಲಿ ಕೆಲಸಕ್ಕೆ ನಾನು. ಹೈದರಾಬಾದಿನಿಂದ ನೀನು ತಂದ ಹಳೆಯ ಕಂಪ್ಯೂಟರಿನಲ್ಲಿ ಜಾಗವೇ ಇರುತ್ತಿರಲಿಲ್ಲ. ಒಂದು ಅರ್ಜಿ ಟೈಪ್ ಮಾಡಬೇಕಾದರೆ ಹಳೆಯದೊಂದನ್ನು ಅಳಿಸಬೇಕು. ಅಂಥದ್ದರಲ್ಲೇ ಅಪ್ಪನ ಹಾಡು ತುಂಬಿಸಿದೆವು. ಗಂಟಲಿನ ಗಡ್ಡೆಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ಆಪರೇಷನ್ನಿಗೆ ಹೋಗುವ ಮುಂಚಿನ ಭಾನುವಾರ ಅಪ್ಪ ನಿನ್ನ ಅಂಗಡಿಯಲ್ಲಿ ಕುಳಿತು, ಬಿಸಿನೀರು ಗುಟುಕರಿಸುತ್ತ, ತಾನೇ ಕಟ್ಟಿದ ಬುದ್ಧನ ಪದ, ಸಂವಿಧಾನ ಬರೆದ ಭೀಮನ ಪದ ಎಲ್ಲ ಹಾಡಿದ. ಮೈಕು ಹಿಡಿದವನು ನೀನೇ.

“ಅಣ್ಣಾ, ಸೀಡಿ ಮಾಡಿಸೋತನ ಇದಕ್ಕ ಕೈ ಹಚ್ಚಬ್ಯಾಡ” ಎಂದೆ.

“ನನಗೂ ಕಾಕಾನೇ ಅಲ್ಲೇನು?” ಎಂದಿದ್ದೆ ನೀನು.

ಆಸ್ಪತ್ರೆಯಿಂದ ಬಂದು ನೋಡಿದರೆ ಅಪ್ಪನ ಒಂದು ಹಾಡೂ ಇಲ್ಲ. ಆ ಜಾಗದಲ್ಲಿ ನಿನ್ನ ಭಾಮೈದನ ಮದುವೆಗೆಂದು ತುಂಬಿಸಿದ ಸಿನಿಮಾ ಹಾಡುಗಳು.

“ಜಗಾನೇ ಇರ್ಲಿಲ್ಲ, ಏನ್ ಮಾಡ್ಲಿ? ಕಾಕಾಗ ಕರಕೊಂಡು ಬಾ, ಮತ್ತ ಹಾಡಿಸಮು.”

ಅಪ್ಪನ ಗಂಟಲಿಗೆ ತೂತು ಕೊರೆದದ್ದನ್ನು ಆಸ್ಪತ್ರೆಗೆ ಬಂದು ಕಣ್ಣಾರೆ ಕಂಡವನು ಆಡಿದ ಮಾತು ಅದು.

ನಾನು ಕೂಗಾಡಲಿಲ್ಲ. ಕೋರ್ಟಿನ ಪಕ್ಕದಲ್ಲೇ ಕಚೇರಿಯಿದ್ದ ವಕೀಲ ಮಜೀದಸಾಬರ ಹತ್ತಿರ ಹೋದೆ. “ಬೇಟಿ, ಮುಂದಿನ ಖೋಲಿ ಖಾಲಿ ಅದ, ಚಾಲೂ ಮಾಡು” ಎಂದರು. ನಿನ್ನ ಅಂಗಡಿಗೆ ಜನ ಬರುತ್ತಿದ್ದದ್ದು ನನ್ನ ಟೈಪಿಂಗಿಗೆ. ಕೋರ್ಟಿನ ಗೇಟಿನಲ್ಲಿ ನಿಂತು ಒಬ್ಬೊಬ್ಬರನ್ನೇ ಕರೆದೆ: “ಸಾಹೇಬ್ರ, ಇನ್ಮ್ಯಾಗ ಇತ್ತ ಬರ್ರಿ.” ಬಂದರು. ನೀನು ಒಬ್ಬನೇ ನೊಣ ಹೊಡೆಯುತ್ತ ಕುಳಿತದ್ದು ಕಾಣಲೆಂದು ನನ್ನ ಮೇಜನ್ನು ಕಿಟಕಿಗೆ ಎಳೆದುಕೊಂಡೆ. ನೀನು ಶಟರ್ ಎಳೆದು ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗೆ ಕೂಲಿಗೆ ಹೋದ ದಿನ ಹೊಟ್ಟೆ ತುಂಬ ಉಂಡೆ. ಇವತ್ತಿಗೂ ಪಶ್ಚಾತ್ತಾಪವಿಲ್ಲ.

ನೀನು ಗುಜರಿಗೆ ಹಾಕಿದ ಕಂಪ್ಯೂಟರನ್ನು ನಾನೇ ಕೊಂಡು ಹೈದರಾಬಾದಿಗೆ ಒಯ್ದೆ. ಅಳಿಸಿದ್ದರ ಮೇಲೆ ಬೇರೆಯದು ಕೂತುಬಿಟ್ಟಿದೆ ಎಂದರು. ಎಷ್ಟು ಹುಡುಕಿದರೂ ಸಿಕ್ಕದ್ದು ಒಂದು ಚೂರು. ಅಪ್ಪ ಕೆಮ್ಮುತ್ತಾನೆ, “ಚಾಲೂ ಆತೇನವ್ವಾ?” ಎನ್ನುತ್ತಾನೆ. ಅಷ್ಟೇ. ಒಂದು ಹಾಡೂ ಸಿಗಲಿಲ್ಲ.

ಅದನ್ನು ಕೇಳಿಸಿಕೊಂಡು ಅಪ್ಪ ಸದ್ದಿಲ್ಲದೆ ನಕ್ಕ. ನಿನ್ನ ಮೇಲೆ ಅವನಿಗೆ ಸಿಟ್ಟೇ ಇರಲಿಲ್ಲ. ನೀನು ಊರಿಗೆ ಬಂದಾಗಲೆಲ್ಲ ತಾನೇ ಎದ್ದು ಚಾಪೆ ಹಾಸುತ್ತಿದ್ದ. ನೀನು ಕೂರುತ್ತಿದ್ದೆ. ನಾನು ಒಳಗೆ ಹೋಗುತ್ತಿದ್ದೆ.

ಮೊನ್ನೆ ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ, ಎಲ್ಲರೆದುರು ನನ್ನ ಕೈ ಹಿಡಿದು ಅಳುತ್ತ ಕೇಳಿದೆಯಲ್ಲ, “ಕಾಕಾನ ದನಿ ಮರ್ತು ಹೋಗ್ಯಾದ ತಂಗಿ, ಒಂದೇ ಸಲ ಕೇಳಸು” ಎಂದು. ಅವ್ವನೂ “ಕೇಳಸವ್ವಾ, ಪಾಪ” ಎಂದಳು. ನಾನು ಕೈ ಬಿಡಿಸಿಕೊಂಡು ಎದ್ದು ಹೋದೆ. ಉತ್ತರ ಈಗ ಬರೆಯುತ್ತಿದ್ದೇನೆ.

ಆ ಚೂರನ್ನು ನಾನು ಕೇಳಿಸುವುದಿಲ್ಲ. ಅಪ್ಪ ಕ್ಷಮಿಸಿದ್ದು ಅವನ ದೊಡ್ಡತನ, ಅದನ್ನು ಅವನು ಒಯ್ದ. ಅವ್ವ ದಿನಾ ಕೇಳುತ್ತಾಳೆ, ನಾಳೆ ನನ್ನ ಮಕ್ಕಳು ಕೇಳುತ್ತಾರೆ, ದಾರಿಹೋಕರು ಕೇಳಿದರೂ ಕುಂದ್ರಿಸಿ ಕೇಳಿಸುತ್ತೇನೆ. ನಿನಗಿಲ್ಲ.

ನೂರು ವರ್ಷ ಬಾಳು. ಕಡೆಯ ದಿನದವರೆಗೂ ನಿನ್ನ ಕಿವಿ ಚುರುಕಾಗಿರಲಿ, ಆ ದನಿಯೊಂದು ಬಿಟ್ಟು ಎಲ್ಲವೂ ಕೇಳಿಸಲಿ.

ಚಂದ್ರಾಮನ ಮಗಳು,
ಲುಂಬಿನಿ